ದನಗಳ ಪದ ಕಟ್ಟಿದ ದ್ರೌಪತಿ

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ಬಸ್ಸು ಹುಣಸಗಾಂವದ ಒಳಗೆ ಬರುವುದಿಲ್ಲ. ಊರ ಹೊರಗಿನ ಬೇವಿನ ಮರದ ಬಳಿ ನಿಂತು ಜನರನ್ನು ಇಳಿಸಿ ಮುಂದೆ ಹೋಗುತ್ತದೆ. ಅಲ್ಲಿಂದ ನಡೆದು ಬಂದರೆ ಮೊದಲು ಸಿಗುವುದು ದಲಿತರ ಕೇರಿ, ಆಮೇಲೆ ವಜೀರಬಿಯ ಮನೆ, ಅದಕ್ಕೆ ಹತ್ತಿಕೊಂಡೇ ಒಂದು ಹಳೆಯ ಹಂಚಿನ ಕೋಣೆ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿದ್ದ ಕಾಲದಲ್ಲಿ ಆ ಕೋಣೆಯಲ್ಲಿ ಬಾಲವಾಡಿ ನಡೆಯುತ್ತಿತ್ತು. ನಡೆಸುತ್ತಿದ್ದವಳು ಕೇರಿಯ ನರಸಿಂಗನ ಮಗಳು ದ್ರೌಪತಿ.

ದ್ರೌಪತಿ ಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೆಯ ಈಯತ್ತೆಯವರೆಗೆ ಓದಿದ್ದಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡ. ತವರಿಗೆ ಮರಳಿ ಅಪ್ಪನ ಜೊತೆ ಕೂಲಿಗೆ ಹೋಗುತ್ತಿದ್ದಾಗ ತಾಲೂಕಿನ ಬ್ಲಾಕ್ ಕಚೇರಿಯವರು ಊರಿಗೆ ಬಾಲವಾಡಿ ಕೊಟ್ಟರು. ಅಷ್ಟು ಓದಿದ ಹೆಂಗಸು ಊರಿನಲ್ಲಿ ಇನ್ನೊಬ್ಬಳಿರಲಿಲ್ಲವಾದ್ದರಿಂದ ಕೆಲಸ ಅವಳಿಗೆ ಸಿಕ್ಕಿತು. ಆದರೆ ಮಕ್ಕಳು ಸಿಗಲಿಲ್ಲ. ಕೇರಿಯ ಮಕ್ಕಳು ಬಂದರು, ವಜೀರಬಿಯ ಮೊಮ್ಮಕ್ಕಳು ಬಂದರು. ಮೇಲಿನ ಓಣಿಯವರು ಯಾರೂ ಕಳಿಸಲಿಲ್ಲ. ಬಂದ ಮಕ್ಕಳೂ ಬಾಯಿ ತೆರೆಯುತ್ತಿರಲಿಲ್ಲ. ಬ್ಲಾಕಿನವರು ಕೊಟ್ಟಿದ್ದ ಪುಸ್ತಕದಲ್ಲಿ ಸಮುದ್ರದ ಹಡಗಿನ ಪದ್ಯವಿತ್ತು, ಹಿಮದ ಬೆಟ್ಟದ ಪದ್ಯವಿತ್ತು. ದ್ರೌಪತಿ ಓದುತ್ತಿದ್ದಳು, ಮಕ್ಕಳು ಅವಳ ಮುಖವನ್ನೇ ನೋಡುತ್ತಾ ಕುಳಿತಿರುತ್ತಿದ್ದರು.

ಒಂದು ದಿನ ವಜೀರಬಿಯ ಹೇಂಟೆ ಕೋಣೆಯೊಳಗೆ ನುಗ್ಗಿ, ಪಾಟಿ ಇಡುವ ಬುಟ್ಟಿಯಲ್ಲಿ ಕುಳಿತು ಮೊಟ್ಟೆ ಇಟ್ಟಿತು. ವಜೀರಬಿ ಅದನ್ನು ಬೈಯುತ್ತಾ ಓಣಿಯೆಲ್ಲ ಹುಡುಕುತ್ತಿದ್ದಳು. ದ್ರೌಪತಿಗೆ ನಗು ಬಂತು. ನಗುತ್ತಲೇ ಅವಳ ಬಾಯಿಂದ ನಾಲ್ಕು ಸಾಲು ಹೊರಬಿದ್ದವು.

ವಜೀರಬೀ ಹ್ಯಾಟಿ ಭಾಳ ಜಾಣಿ
ತತ್ತಿ ಇಡಾಕ ತಿರುಗ್ತಾಳ ಓಣಿ
ಎಲ್ಲಿಟ್ಟಿಯವ್ವ ಅಂತ ಕೇಳಿದ್ರ
ಕೊಕ್ಕೊ ಅಂತಾಳ, ಹೇಳಂಗಿಲ್ಲ ರಾಣಿ

ಮಕ್ಕಳು ಒಮ್ಮೆಲೇ ನಕ್ಕರು. ಅಷ್ಟು ದಿನ ತುಟಿ ಬಿಚ್ಚದ ಹುಡುಗಿಯೊಂದು "ಇನ್ನೊಮ್ಮೆ ಹೇಳ್ರಿ ಬಾಯಿ" ಎಂದಿತು. ಆ ಕಡೆ ಕಲಿಸುವ ಹೆಂಗಸನ್ನು ಬಾಯಿ ಎಂದೇ ಕರೆಯುತ್ತಾರೆ. ಸಂಜೆಯೊಳಗೆ ಆ ಪದ ಇಡೀ ಕೇರಿಯಲ್ಲಿ ಹಬ್ಬಿತು.

ಅಂದಿನಿಂದ ದ್ರೌಪತಿ ದಿನಕ್ಕೊಂದು ಪದ ಕಟ್ಟತೊಡಗಿದಳು. ತಮ್ಮ ಮನೆಯ ಆಕಳು ಚಂದ್ರಿಯ ಮೇಲೆ, ಅದರ ಕರುವಿನ ಮೇಲೆ, ಯಾರದೋ ಮೇಕೆಯ ಮೇಲೆ. ಎಲ್ಲವೂ ಊರಿನಲ್ಲೇ ಇದ್ದ, ಮಕ್ಕಳಿಗೆ ಹೆಸರು ಹಿಡಿದು ಗೊತ್ತಿದ್ದ ಪ್ರಾಣಿಗಳು. ಒಂದು ಬೆಳಿಗ್ಗೆ ಪಾಟೀಲ ಬಕ್ಕಪ್ಪನ ಮಗಳು, ಐದು ವರ್ಷದ ಮೀರಾ, ಯಾರಿಗೂ ಹೇಳದೆ ಬಂದು ಬಾಗಿಲಲ್ಲಿ ನಿಂತಳು.

"ನಮ್ಮ ಬಾದಶಾಂದು ಪದಾ ಇಲ್ಲೇನ್ರಿ?" ಎಂದಳು.

ಬಾದಶಾ ಬಕ್ಕಪ್ಪನ ದೇವಣಿ ತಳಿಯ ಎತ್ತು. ಬಿಳಿ ಮೈ, ಕಪ್ಪು ಮುಖ. ಸುತ್ತಲಿನ ಊರುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ದ್ರೌಪತಿ ಹುಡುಗಿಯನ್ನು ಒಳಗೆ ಕರೆದು ಕೂರಿಸಿ ಅಲ್ಲೇ ಕಟ್ಟಿದಳು.

ಬಾದಶಾ ಬಂದ ದಾರಿ ಬಿಡ್ರಿ
ಕೊಂಬಿಗೆ ಎರಡು ಗೊಂಡೆ ಇಡ್ರಿ
ಹೊಲಾ ಹೊಡದು ದಣದು ಬಂದಾನ
ಹಿಡಿ ಹಿಡಿ ಕಣಕಿ ನೀಡ್ರಿ

ಮೀರಾ ಅದನ್ನು ಮನೆಗೆ ಒಯ್ದಳು. ಬಕ್ಕಪ್ಪ ಮೀಸೆಯೊಳಗೇ ನಕ್ಕ, ಮಗಳನ್ನು ತಡೆಯಲಿಲ್ಲ. ಅವನ ತಾಯಿ ಕಸ್ತೂರಿಬಾಯಿ ಮಾತ್ರ ಮರುದಿನ ಬಾಲವಾಡಿಯ ಮುಂದೆ ಬಂದು, ಹೊಸ್ತಿಲ ಹೊರಗೇ ನಿಂತು, "ಎತ್ತಿಗೆ ಪದ ಆತು. ಹಾಲು ಕೊಡೋ ಎಮ್ಮಿ ಏನ ಪಾಪ ಮಾಡ್ಯದ?" ಎಂದಳು. ಎಮ್ಮೆ ಅವಳದು, ಅವಳೇ ಮೇಯಿಸಿ ಅವಳೇ ಹಿಂಡುತ್ತಿದ್ದಳು. ದ್ರೌಪತಿ ಅದರ ಪದವನ್ನೂ ಕಟ್ಟಿದಳು.

ಎಮ್ಮಿ ಎಮ್ಮಿ ಕರಿ ಎಮ್ಮಿ
ಕೆಸರಿನ್ಯಾಗಿಂದ ಏಳು ಒಮ್ಮಿ
ಬಾಲಾ ಬೀಸಿ ಮುಖಕ್ಕ ಹೊಡದಿ
ಮಾಫ್ ಮಾಡೇನಿ ಇದೊಂದು ಒಮ್ಮಿ

ಪಾಟೀಲರ ಮನೆಯ ಹುಡುಗಿ ಹೋಗುತ್ತಾಳೆಂದ ಮೇಲೆ ಉಳಿದವರೂ ಕಳಿಸಿದರು. ಮಳೆಗಾಲ ಹಿಡಿಯುವ ಹೊತ್ತಿಗೆ ಕೋಣೆ ತುಂಬಿತ್ತು. ಹಾಲಿನ ಪುಡಿ ಕಲಸುವಾಗ ಮೇಲಿನ ಓಣಿಯ ಮಕ್ಕಳು ಮನೆಯಿಂದ ತಂದ ಲೋಟಗಳನ್ನು ಬೇರೆಯಾಗಿ ಇಡುತ್ತಿದ್ದರು, ಅದು ತಪ್ಪಲಿಲ್ಲ. ಆದರೆ ಪದ ಹೇಳುವಾಗ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ನರಸಿಂಗ ಆಚೆ ಹಾದುಹೋಗುವಾಗ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೇಳಿ ಹೋಗುತ್ತಿದ್ದ.

ಶ್ರಾವಣದಲ್ಲಿ ಬಕ್ಕಪ್ಪ ಉದಗೀರ ಸಂತೆಯಿಂದ ಒಂದು ಹೊಸ ಎತ್ತು ತಂದ. ತಂದು ಕಟ್ಟಿದ ಕೆಲ ದಿನಕ್ಕೆ ಅದರ ಕಣ್ಣಲ್ಲಿ ನೀರು ಸುರಿಯತೊಡಗಿತು. ಮೈ ಬೆಂಕಿಯಂತೆ ಸುಡುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಆಮೇಲೆ ನೀರಿನಂತೆ ಭೇದಿ ಶುರುವಾಗಿ ಕೊಟ್ಟಿಗೆಯೆಲ್ಲ ನಾರಿತು. ಅದು ಸಾಯುವ ಮೊದಲೇ ಪಕ್ಕದಲ್ಲಿ ಕಟ್ಟಿದ್ದ ಬಾದಶಾ ಮೇವು ಬಿಟ್ಟಿತ್ತು. ಬಕ್ಕಪ್ಪ ಕಷಾಯ ಕುಡಿಸಿದ, ಬೂದಿ ಹಚ್ಚಿದ, ಮಂತ್ರ ಹಾಕುವವನನ್ನು ಕರೆಸಿದ. ಬಾದಶಾ ಕತ್ತು ನೆಲಕ್ಕೆ ಚಾಚಿ, ಹಲ್ಲು ಕಡಿಯುತ್ತಾ ನರಳಿ ಸತ್ತಿತು. ಊರಿನ ಹಿರಿಯರು ನೋಡಿ ತಲೆ ಅಲ್ಲಾಡಿಸಿದರು. ಅದು ದೊಡ್ಡ ರೋಗ. ಅದು ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳು ಬರಿದಾಗುತ್ತವೆ.

ಬಕ್ಕಪ್ಪನ ಆಳು ಕೇರಿಗೆ ಬಂದು ನರಸಿಂಗನ ಮನೆಯ ಮುಂದೆ ನಿಂತ. "ಪಾಟೀಲರು ಕರ್ಯಾಕತ್ತಾರ. ಎತ್ತು ಎಳಿಯೋದದ."

ಸತ್ತ ದನ ಎಳೆಯುವುದು ಹಿಂದೆ ಕೇರಿಯ ಕೆಲಸವಾಗಿತ್ತು. ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಕೇರಿಯವರೆಲ್ಲ ಕೂಡಿ ಕುಳಿತು ಅದನ್ನು ಬಿಟ್ಟಿದ್ದರು. ಅಲ್ಲಿಂದೀಚೆಗೆ ಮುದಿ ದನ ಒಂದೊಂದು ಸತ್ತಾಗ ಮನೆಯವರೇ ಹೇಗೋ ಸಾಗಿಸುತ್ತಿದ್ದರು, ಆ ಮಾತು ಹಾಗೇ ಮುಚ್ಚಿಹೋಗಿತ್ತು.

"ಆ ಕೆಲಸ ನಾವು ಬಿಟ್ಟು ಭಾಳ ವರ್ಷ ಆತು. ಪಾಟೀಲರಿಗೂ ಗೊತ್ತದ," ಎಂದ ನರಸಿಂಗ.

"ಇದು ಬಾದಶಾ ಅದ."

"ಯಾವುದಿದ್ರೂ ಅಷ್ಟೇ. ನನಗೂ ಆ ಎತ್ತಿನ ಮ್ಯಾಲ ಜೀವ ಇತ್ತು. ಆದ್ರ ಬರಾಂಗಿಲ್ಲ ಅಂತ ಹೇಳು."

ಬಕ್ಕಪ್ಪನ ಆಳುಗಳೇ ಹಗ್ಗ ಕಟ್ಟಿ, ಮೂಗು ಮುಚ್ಚಿಕೊಂಡು, ಬಾದಶಾನನ್ನು ಹಳ್ಳದ ದಂಡೆಗೆ ಎಳೆದು ಬಿಟ್ಟು ಬಂದರು. ನಾಯಿಗಳು ಮುತ್ತಿದವು. ಅದೇ ಹಳ್ಳದ ನೀರನ್ನು ಊರ ದನಗಳೆಲ್ಲ ಕುಡಿಯುತ್ತಿದ್ದವು. ರೋಗ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿತು. ಬಕ್ಕಪ್ಪನ ಇನ್ನೊಂದು ಎತ್ತು, ಅವನ ತಮ್ಮನ ಆಕಳುಗಳು, ಲಿಂಗಾಯತರ ಓಣಿಯ ಹೋರಿಗಳು. ಬೆಳಗಾದರೆ ಯಾವುದೋ ಮನೆಯಿಂದ ಹೆಂಗಸರ ಅಳು ಕೇಳುತ್ತಿತ್ತು.

ಪದದ ಮಾತು ಮೊದಲು ಎತ್ತಿದವರು ಯಾರೋ ಗೊತ್ತಿಲ್ಲ. ಬಾದಶಾನ ಪದ ಊರೆಲ್ಲ ಹಾಡಿದರು, ಬಾದಶಾ ಸತ್ತಿತು. ಬಕ್ಕಪ್ಪನ ತಮ್ಮನ ಮನೆಯ ಕೌಲಿ ಎಂಬ ಆಕಳಿಗೂ ಪದವಿತ್ತು, ಅದೂ ಸತ್ತಿತು. ಹೆಸರು ಹಿಡಿದು ಹಾಡಿದ್ದೇ ದೃಷ್ಟಿಯಾಗಿದೆ ಎಂದರು. ಪದವಿಲ್ಲದ ಎಷ್ಟೋ ದನ ಸತ್ತಿದ್ದವು, ಅದನ್ನು ಯಾರೂ ಎಣಿಸಲಿಲ್ಲ. ಹಾಡಿದವಳು ಮಗಳು, ಎಳೆಯಲು ಬರುವುದಿಲ್ಲ ಎಂದವನು ಅಪ್ಪ. ಎರಡನ್ನೂ ಕೂಡಿಸಿಕೊಂಡರು.

ಬಾಲವಾಡಿಗೆ ಮೇಲಿನ ಓಣಿಯ ಮಕ್ಕಳು ಬರುವುದು ನಿಂತಿತು. ಮಾರನೆಯ ದಿನ ಬಕ್ಕಪ್ಪ ಅಪ್ಪ ಮಗಳಿಬ್ಬರನ್ನೂ ಹನುಮಂತನ ಗುಡಿಯ ಕಟ್ಟೆಗೆ ಕರೆಸಿದ. ಕಟ್ಟೆಯ ಮೇಲೆ ಊರಿನ ಗಂಡಸರು ಕುಳಿತಿದ್ದರು. ಬಕ್ಕಪ್ಪ ಒಳ್ಳೆಯ ಮೈಕಟ್ಟಿನ ಮನುಷ್ಯ, ಆ ಕೆಲವೇ ದಿನಗಳಲ್ಲಿ ಗಲ್ಲ ಒಳಗೆ ಹೋಗಿದ್ದವು. ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದವು.

"ದ್ರೌಪತಿ, ನನ್ನ ಎತ್ತಿನ ಹೆಸರು ನಿನ್ನ ಬಾಯಾಗ ಯಾಕ ಬಂತು?" ಎಂದ.

"ಮೀರಾ ಕೇಳಿದ್ಳು, ಕಟ್ಟಿದೆ ರೀ. ಮಕ್ಕಳಿಗೆ ಕಲಸಾಕ ಕಟ್ಟಿದೆ."

"ಕಣ್ಣು ಹಾಕಾಕ ಕಟ್ಟಿದಿ."

ಗುಂಪಿನ ಅಂಚಿನಲ್ಲಿ ನಿಂತಿದ್ದ ವಜೀರಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಪಾಟೀಲ್ರಿ, ನನ್ನ ಹ್ಯಾಟಿನೂ ಪದದಾಗ ಅದ. ಎಲ್ಲಾಕಿಂತ ಮೊದಲು ಅದರದ್ದೇ ಹಾಡ್ಯಾರ. ಅದ್ಯಾಕ ಸತ್ತಿಲ್ಲ?"

ಯಾರೋ ಒಬ್ಬ ನಗಲು ಹೋಗಿ ಸುಮ್ಮನಾದ. ಬಕ್ಕಪ್ಪ ವಜೀರಬಿಯ ಕಡೆ ನೋಡಲೂ ಇಲ್ಲ. ನರಸಿಂಗನಿಗೆ ಹೇಳಿದ: "ಹಳ್ಳದ ದಂಡಿ ಮ್ಯಾಲ ಬಿದ್ದ ಹೆಣಾ ಎಲ್ಲಾ ನಿಮ್ಮ ಕೇರಿಯವರು ಎಳದು ಹಾಕಬೇಕು. ಇಲ್ಲಂದ್ರ ಹೆಸರು, ಉದ್ದಿನ ರಾಶಿಗೆ ನಿಮ್ಮವರು ಒಬ್ಬರೂ ನಮ್ಮ ಹೊಲಕ್ಕ ಕಾಲಿಡೂದು ಬ್ಯಾಡ."

"ಹಾಂಗಾದ್ರ ಹೊಲಕ್ಕ ಬರೂದಿಲ್ರಿ," ಎಂದ ನರಸಿಂಗ.

ಕೇರಿಗೆ ಮರಳಿದಾಗ ಎಲ್ಲರ ಮನೆಯಲ್ಲೂ ಆ ಮಾತು ತಲುಪಿತ್ತು. ಹೆಸರು, ಉದ್ದು ಕೀಳುವ ಹಂಗಾಮಿನ ಕೂಲಿಯಲ್ಲೇ ಚಳಿಗಾಲದವರೆಗೆ ಒಲೆ ಉರಿಯಬೇಕಿತ್ತು. ಯಾರೂ ನರಸಿಂಗನನ್ನು ಬೈಯಲಿಲ್ಲ. ಆದರೆ ದ್ರೌಪತಿ ನೀರಿಗೆ ಹೋದಾಗ ಬಾವಿಯ ಬಳಿ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬ ಮುದುಕಿ ಮಾತ್ರ ಮೆಲ್ಲಗೆ, "ಪದಾ ಯಾಕ ಕಟ್ಟಾಕ ಹೋದಿ ತಂಗಿ?" ಎಂದಳು.

ಅದೇ ಸಂಜೆ ಚಂದ್ರಿಯ ಕಣ್ಣಲ್ಲಿ ನೀರು ಕಂಡಿತು.

ದ್ರೌಪತಿ ಆಕಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಮೂಗಿನ ತುದಿ ಒಣಗಿತ್ತು, ಕಿವಿ ಜೋತುಬಿದ್ದಿದ್ದವು. ಚಂದ್ರಿಯ ಪದವನ್ನೂ ಅವಳೇ ಕಟ್ಟಿದ್ದಳು. ಕಟ್ಟೆಯ ಮೇಲೆ ಕುಳಿತವರ ಮಾತನ್ನು ಅವಳು ಒಳಗೆ ಬಿಟ್ಟುಕೊಂಡಿರಲಿಲ್ಲ. ಈಗ ಅದು ತಾನಾಗಿ ಒಳಗೆ ಬಂದು ಕುಳಿತಿತು. ನಿಜವಿದ್ದರೆ? ಒಂದೊಂದಾಗಿ ಹೆಸರು ಕರೆದು ತಾನೇ ಅವನ್ನು ಸಾವಿಗೆ ತೋರಿಸಿಕೊಟ್ಟಿದ್ದರೆ? ಕರು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ದ್ರೌಪತಿ ಅದನ್ನು ಎಳೆದು ದೂರ ಕಟ್ಟಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತಳು.

ಬೆಳಿಗ್ಗೆ ಅವಳು ಮೊದಲ ಬಸ್ಸು ಹಿಡಿದು ಹುಮನಾಬಾದಿಗೆ ಹೋದಳು. ದನದ ದವಾಖಾನೆಯ ಡಾಕ್ಟರು ಚಿಟಗುಪ್ಪದ ಕಡೆಗೆ ಹೋಗಿದ್ದರು, ಅಲ್ಲಿಯೂ ಇದೇ ರೋಗ. ಕಂಪೌಂಡರ್ ಮಚ್ಚೇಂದ್ರ ಇದ್ದ. ನಡುವಯಸ್ಸಿನವನು, ದಣಿದ ಮುಖ, ಅಂಗಿಯ ತೋಳಿನ ತುಂಬ ಔಷಧದ ಕಲೆ. ಎಲ್ಲವನ್ನೂ ಕೇಳಿಸಿಕೊಂಡ.

"ಸೂಜಿ ಅದ. ಬರಫಿನಾಗ ಇಟ್ಟೀವಿ. ಆದ್ರ ಬ್ಯಾನಿ ಬಂದ ದನಕ್ಕ ಅದು ನಡ್ಯಾಂಗಿಲ್ಲ ತಂಗಿ. ಇನ್ನೂ ಬರಲಾರದ್ದಕ್ಕ ಹಾಕಬೇಕು."

"ನಮ್ಮ ಆಕಳಕ್ಕ ನಿನ್ನೆ ಕಣ್ಣಾಗ ನೀರು ಬಂದದ ರೀ."

"ಅದರ ಆಸೆ ಬಿಡು. ಕರು ಇದ್ರ ದೂರ ಕಟ್ಟು. ಆಕಳು ಹೋದ್ರ ಹಳ್ಳಕ್ಕ ಒಗಿಬ್ಯಾಡ್ರಿ, ಆಳ ಕುಣಿ ತೋಡಿ ಸುಣ್ಣಾ ಹಾಕಿ ಮುಚ್ಚರಿ."

"ಉಳಿದ ದನಕ್ಕ ನೀವು ಬರ್ತೀರೇನ್ರಿ?"

"ಬರ್ತೀನಿ. ಆದ್ರ ದನಾ ಹಿಡಿದು ಕೊಡವರು ಬೇಕಲ್ಲ. ಹೋದ ತಿಂಗಳು ಒಂದು ಊರಾಗ ಸೂಜಿ ಹಾಕಿದ್ರ ದನಾ ಸಾಯ್ತಾವ ಅಂತ ಬಡಿಗಿ ತಗೊಂಡು ಬೆನ್ನು ಹತ್ತಿದ್ರು. ಇನ್ನೊಂದು ಮಾತು. ಸೂಜಿ ಹಾಕಿದ ಮ್ಯಾಲ ದನಕ್ಕ ಜ್ವರ ಬರ್ತದ, ಹಾಲು ಕಮ್ಮಿ ಆಗ್ತದ. ಒಳಗ ಮೊದಲೇ ಬ್ಯಾನಿ ಹೊಕ್ಕಿದ್ರ, ಸೂಜಿ ಹಾಕಿದ್ರೂ ಸಾಯ್ತದ. ಆವಾಗ ಮಂದಿ ನಿನಗ ಕೇಳ್ತಾರ."

"ಈಗೂ ನನಗ ಕೇಳಾಕತ್ತಾರ ರೀ," ಎಂದಳು ದ್ರೌಪತಿ. "ಬರ್ರಿ. ನಮ್ಮ ಕೇರಿಯವು ಇದ್ದೇ ಇರ್ತಾವ."

ನಾಡಿದ್ದು ಬರುವುದಾಗಿ ಮಚ್ಚೇಂದ್ರ ಮಾತು ಕೊಟ್ಟ. ಊರಿಗೆ ಬಂದು ದ್ರೌಪತಿ ಮನೆಮನೆಗೂ ಹೋದಳು. ಮೇಲಿನ ಓಣಿಯಲ್ಲಿ ಅವಳು ಬರುವುದನ್ನು ಕಂಡು ಬಾಗಿಲು ಮುಚ್ಚಿದರು. ಬಕ್ಕಪ್ಪನ ಅಂಗಳದ ಆಚೆಯಿಂದಲೇ ಕೂಗಿ ಹೇಳಿದಳು. ಬಕ್ಕಪ್ಪ ಹೊರಗೆ ಬಂದು, "ಪದಾ ಹಾಡಿ ಕೊಂದಿದ್ದು ಸಾಲದೇನು, ಸೂಜಿ ತಂದು ಕೊಲ್ಲಬೇಕೇನು?" ಎಂದು ಒಳಗೆ ಹೋದ.

ಬಾಲವಾಡಿಯಲ್ಲಿ ಮರುದಿನ ಕೇರಿಯ ಮಕ್ಕಳಷ್ಟೇ ಇದ್ದರು. ಪದ ಹೇಳ್ರಿ ಬಾಯಿ ಎಂದು ಗಂಟುಬಿದ್ದರು. ದ್ರೌಪತಿ ಪದ ಹೇಳಲಿಲ್ಲ. ಹೊರಗೆ ನೋಡಿದಳು. ಗೋಡೆಯ ಮರೆಯಲ್ಲಿ ಮೀರಾ ನಿಂತಿದ್ದಳು. ಮನೆಯವರ ಕಣ್ಣು ತಪ್ಪಿಸಿ ಬಂದಿದ್ದಳು, ಕಾಲಲ್ಲಿ ಕೆಸರು ಮೆತ್ತಿತ್ತು.

"ಬಾಯಿ, ಅಜ್ಜಿ ಎಮ್ಮಿನೂ ಸಾಯ್ತದೇನ್ರಿ?" ಎಂದಳು.

ದ್ರೌಪತಿ ಅವಳನ್ನು ಹತ್ತಿರ ಕರೆದಳು. ದೊಡ್ಡವರ ಕಿವಿಗೆ ತನ್ನ ಮಾತು ಬೀಳುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಬೇರೆ ದಾರಿ ಹೊಳೆಯಲಿಲ್ಲ. ಇನ್ನೊಂದು ಪದ ಕಟ್ಟಿದರೆ ಊರಿನವರು ಏನೆನ್ನುತ್ತಾರೆಂದು ಗೊತ್ತಿದ್ದೂ ಕಟ್ಟಿದಳು.

ಸೂಜಿ ಅಂದ್ರ ಸೊಳ್ಳಿ ಕಡದಂಗ
ಚಣಾ ಉರಿತದ, ಆಮ್ಯಾಲ ಮೊದಲಿನಂಗ
ಎಮ್ಮಿ ಬಾ, ಆಕಳ ಬಾ, ಹೋರಿ ಬಾ ಮುಂದ
ಮಚ್ಚೇಂದ್ರ ಮಾಮಾ ಬಂದಾನ ಹುಮನಾಬಾದದಿಂದ

ಮೀರಾ ಎರಡು ಸಲ ಕೇಳಿ ಮೂರನೆಯ ಸಲಕ್ಕೆ ತಾನೇ ಹೇಳಿದಳು. ಹಾಡುತ್ತಲೇ ಓಡಿಹೋದಳು.

ಮಧ್ಯಾಹ್ನ ಕಸ್ತೂರಿಬಾಯಿ ಬಂದಳು. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು ಕೇಳಿದಳು: "ಆ ಹುಡುಗಿಗೆ ಏನ ಕಲಿಸಿದಿ ನೀ?"

"ಸೂಜಿ ಪದಾ ಕಲಿಸೀನ್ರಿ ಅವ್ವಾರ."

"ಅಂಗಳದಾಗ ಹಾಡಿದ್ಳು. ಅವರಪ್ಪ ಕಪಾಳಕ್ಕ ಹೊಡದ. ಆದ್ರೂ ಬಾಯಿ ಮುಚ್ಚವಲ್ಲಳು, ಅಳಕೋತ ಹಾಡಾಕತ್ತಾಳ." ಕಸ್ತೂರಿಬಾಯಿಯ ದನಿ ಒಡೆಯಿತು. "ನನ್ನ ಮನ್ಯಾಗ ಒಂದ ಎಮ್ಮಿ ಉಳದದ. ಆ ಉದಗೀರದ ಎತ್ತು ಬಂದ ದಿನದಿಂದ ಅದನ್ನ ಹಿತ್ತಲದಾಗ ಬ್ಯಾರೆ ಕಟ್ಟೀನಿ, ಬಾವಿ ನೀರು ಸೇದಿ ಕುಡಸ್ತೀನಿ. ಅದನ್ನ ಬಿಟ್ಟುಬಿಡು ಅಂತ ಕೇಳಾಕ ಬಂದೀನಿ. ಅದನ್ನ ಹಾಡಬ್ಯಾಡ."

ಪಾಟೀಲರ ಮನೆಯ ಹಿರಿಯ ಹೆಂಗಸು ತನ್ನ ಮುಂದೆ ಬೇಡಿಕೊಳ್ಳುತ್ತಿರುವುದನ್ನು ಕಂಡು ದ್ರೌಪತಿಗೆ ಕಟ್ಟೆಯ ಮೇಲಿನ ಮಾತಿಗಿಂತ ಹೆಚ್ಚು ಭಯವಾಯಿತು. ಅವಳು ಹೊರಗೆ ಬಂದು ನೆಲದ ಮೇಲೆ ಕುಳಿತಳು.

"ಅವ್ವಾರ, ನಮ್ಮ ಚಂದ್ರಿ ಸಾಯಾಕತ್ತದ. ಅದಕ್ಕೂ ನಾನೇ ಪದಾ ಕಟ್ಟಿದ್ದೆ. ನನ್ನ ಪದದಿಂದ ಹೋಗಾಕತ್ತದ ಅಂತ ನನಗೂ ಅನಸ್ತದ. ಒಮ್ಮೆ ಹಾಂಗ ಅನಸ್ತದ, ಒಮ್ಮೆ ಅಲ್ಲ ಅನಸ್ತದ. ನನಗ ತಿಳೀವಲ್ದು. ಆದ್ರ ಸೂಜಿ ನನ್ನ ಪದಾ ಅಲ್ರಿ. ಅದು ದವಾಖಾನಿದು. ಅದನ್ನ ಹಾಕಸ್ರಿ."

"ಸೂಜಿ ಹಾಕಿದ ಮ್ಯಾಲ ಎಮ್ಮಿ ಸತ್ತರ?"

ಒಳಗೆ ರೋಗ ಹೊಕ್ಕಿದ್ದರೆ ಸೂಜಿಯೂ ನಡೆಯುವುದಿಲ್ಲ ಎಂದು ಮಚ್ಚೇಂದ್ರ ಹೇಳಿದ್ದು ದ್ರೌಪತಿಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ.

"ಸಾಯಬಹುದು ರೀ. ಒಳಗ ಹೊಕ್ಕಿದ್ರ ಸಾಯ್ತದ ಅಂತ ಅವರೇ ಹೇಳ್ಯಾರ. ಸೂಜಿ ಹಾಕಿದ ಮ್ಯಾಲ ಜ್ವರಾನೂ ಬರ್ತದಂತ. ಎಮ್ಮಿ ಸತ್ತರ ನಾ ಬಾಲವಾಡಿ ಬಿಟ್ಟು, ಅಪ್ಪನ ಕರಕೊಂಡು ಈ ಊರು ಬಿಟ್ಟು ಹೋಗ್ತೀನಿ. ನಾ ಕೊಡಾಕ ಇನ್ನೇನೂ ಇಲ್ಲ."

ಕಸ್ತೂರಿಬಾಯಿ ತಿರುಗಿ ಹೋದಳು.

ಮಚ್ಚೇಂದ್ರ ಹೇಳಿದ ದಿನವೇ ಬಂದ. ಬೇವಿನ ಮರದ ಬಳಿ ಬಸ್ಸಿನಿಂದ ಇಳಿದಾಗ ಹೆಗಲಿಗೆ ಚೀಲ, ಕೈಯಲ್ಲಿ ಬರಫು ತುಂಬಿದ ಡಬ್ಬಿ. ಬರಫು ಕರಗುವುದರೊಳಗೆ ಮುಗಿಸಬೇಕೆಂದ. ಕೇರಿಯವರು ತಮ್ಮ ದನಗಳನ್ನು ತಂದರು. ವಜೀರಬಿ ಎರಡು ಆಕಳು ತಂದಳು, ಅವಳ ಮಾತು ಕೇಳಿ ಅವಳ ಓಣಿಯ ನಾಲ್ಕಾರು ಮನೆಯವರು ಬಂದರು. ದ್ರೌಪತಿ ಚಂದ್ರಿಯ ಕರುವನ್ನು ಹಿಡಿದುಕೊಂಡಳು. ಸೂಜಿ ಚುಚ್ಚಿದಾಗ ಅದು ಅವಳ ತೊಡೆಗೆ ತಲೆ ಗುದ್ದಿತು.

ಮೇಲಿನ ಓಣಿಯಿಂದ ಒಂದು ದನವೂ ಬರಲಿಲ್ಲ. ಮಚ್ಚೇಂದ್ರ ಡಬ್ಬಿಯ ಮುಚ್ಚಳ ಹಾಕುತ್ತಿದ್ದಾಗ ಓಣಿಯ ತಿರುವಿನಲ್ಲಿ ಕಸ್ತೂರಿಬಾಯಿ ಕಾಣಿಸಿದಳು. ಎಮ್ಮೆಯ ಹಗ್ಗ ತಾನೇ ಹಿಡಿದಿದ್ದಳು. ಹಿಂದೆ ಮೀರಾ ಒಂದು ಸಣ್ಣ ಕೋಲು ಹಿಡಿದು ಬರುತ್ತಿದ್ದಳು. ಬಕ್ಕಪ್ಪ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಾಯಿಯನ್ನು ತಡೆಯಲು ಅವನಿಗೆ ಆಗಲಿಲ್ಲವೋ, ಮನಸ್ಸಿರಲಿಲ್ಲವೋ. ಕಸ್ತೂರಿಬಾಯಿ ಯಾರ ಮುಖವನ್ನೂ ನೋಡದೆ, "ಹಾಕು," ಎಂದಳು. ಅವಳ ಕೈ ಎಮ್ಮೆಯ ಕೊಂಬನ್ನು ಬಿಗಿಯಾಗಿ ಹಿಡಿದಿತ್ತು.

ಆಮೇಲಿನ ದಿನಗಳನ್ನು ದ್ರೌಪತಿ ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಎಮ್ಮೆಗೆ ಜ್ವರ ಬಂತೆಂದು ವಜೀರಬಿ ಸುದ್ದಿ ತಂದಳು. ಮೇವು ಮುಟ್ಟುತ್ತಿಲ್ಲ, ಹಾಲು ಬತ್ತಿದೆ, ಕಣ್ಣು ಮುಚ್ಚಿ ಮಲಗಿದೆ. ಬಕ್ಕಪ್ಪ ಅಂಗಳದಲ್ಲಿ ಕೂಗಾಡಿದನಂತೆ. ದ್ರೌಪತಿ ಸೀರೆಗಳನ್ನು ಗಂಟು ಕಟ್ಟಿ ಮೂಲೆಯಲ್ಲಿಟ್ಟಳು. ನರಸಿಂಗ ಗಂಟನ್ನು ನೋಡಿ ಹೊರಗೆ ಹೋದ.

ಆ ನಡುವೆಯೇ ಚಂದ್ರಿ ಸತ್ತಿತು. ನಸುಕಿನಲ್ಲಿ ದ್ರೌಪತಿ ನೀರು ಹಿಡಿದು ಹೋದಾಗ ಅದರ ಮೈ ತಣ್ಣಗಾಗಿತ್ತು. ನರಸಿಂಗ ಕೇರಿಯ ನಾಲ್ಕು ಗಂಡಸರನ್ನು ಕರೆದು ಊರ ಹೊರಗಿನ ಕಲ್ಲುನೆಲದಲ್ಲಿ ಕುಣಿ ತೋಡತೊಡಗಿದ. ಹಾರೆ ಬಿದ್ದಲ್ಲೆಲ್ಲ ಕಿಡಿ ಹಾರುತ್ತಿತ್ತು. ದ್ರೌಪತಿಯೂ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಬಿಸಿಲು ನೆತ್ತಿಗೆ ಬರುವಾಗ ಕುಣಿ ಎದೆಯೆತ್ತರ ಆಗಿತ್ತು. ತಲೆಯೆತ್ತಿ ನೋಡಿದರೆ ಬಕ್ಕಪ್ಪ ನಿಂತಿದ್ದ. ಹಿಂದೆ ಅವನ ಆಳುಗಳಿದ್ದರು, ಕೈಯಲ್ಲಿ ಸಲಿಕೆಗಳಿದ್ದವು. ಅವನ ತಮ್ಮನ ಕೊಟ್ಟಿಗೆಯಲ್ಲಿ ಅಂದು ಬೆಳಿಗ್ಗೆ ಇನ್ನೆರಡು ಹೋಗಿದ್ದವು.

"ಎಷ್ಟು ಆಳ ತೋಡಬೇಕಂತ?" ಎಂದು ಕೇಳಿದ.

"ಒಬ್ಬ ಮನಷ್ಯಾ ಒಳಗ ನಿಂತ್ರ ತಲಿ ಕಾಣಬಾರದಂತ್ರಿ," ಎಂದ ನರಸಿಂಗ. "ಮ್ಯಾಲ ಸುಣ್ಣಾ ಹಾಕಬೇಕು."

"ಹಳ್ಳದ ದಂಡಿ ಮ್ಯಾಲಿನವು?"

"ಅವನ್ನೂ ಮುಚ್ಚಬೇಕ್ರಿ. ಯಾರ ದನಾ ಅವರು ಮುಚ್ಚಲಿ."

ಬಕ್ಕಪ್ಪನ ದವಡೆ ಬಿಗಿಯಿತು. ಸ್ವಲ್ಪ ದೂರ ಹೋಗಿ, ಧೋತ್ರದ ಕಚ್ಚೆ ಬಿಗಿದು, ಆಳಿನ ಕೈಯಿಂದ ಸಲಿಕೆ ಇಸಿದುಕೊಂಡು ತಾನೇ ಮಣ್ಣಿಗೆ ಹಾಕಿದ. ಆ ದಿನ ಎರಡು ಗುಂಪುಗಳೂ ಮಾತಿಲ್ಲದೆ, ಒಂದರಿಂದೊಂದು ದೂರದಲ್ಲಿ, ಕತ್ತಲಾಗುವವರೆಗೆ ತೋಡಿದವು.

ಎಮ್ಮೆ ಎದ್ದಿತು. ಕಸ್ತೂರಿಬಾಯಿ ಹಿತ್ತಲಲ್ಲಿ ಕುಳಿತು ಒಂದೊಂದೇ ಹಸಿ ಹುಲ್ಲಿನ ಎಸಳನ್ನು ಅದರ ತುಟಿಗೆ ಹಿಡಿಯುತ್ತಿದ್ದಳಂತೆ. ಒಂದು ಬೆಳಿಗ್ಗೆ ಅದು ಎಸಳನ್ನು ಎಳೆದುಕೊಂಡಿತು. ಸೂಜಿ ಹಾಕಿಸಿಕೊಂಡ ಉಳಿದವುಗಳಲ್ಲಿ ಕೆಲವು ಸತ್ತವು, ಬಹಳಷ್ಟು ಉಳಿದವು. ಚಂದ್ರಿಯ ಕರು ಉಳಿಯಲಿಲ್ಲ. ಮೇಲಿನ ಓಣಿಯವರು ಆಮೇಲೆ ತಾವೇ ಹುಮನಾಬಾದಿಗೆ ಆಳು ಕಳಿಸಿ ಮಚ್ಚೇಂದ್ರನನ್ನು ಕರೆಸಿದರು. ಅಷ್ಟರಲ್ಲಿ ಸೂಜಿ ಹಾಕಿಸಲು ಅವರ ಕೊಟ್ಟಿಗೆಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಹೆಸರು, ಉದ್ದಿನ ರಾಶಿಗೆ ಕೇರಿಯವರನ್ನು ಯಾರೂ ಕರೆಯಲಿಲ್ಲ. ಕೆಲವರು ಕಲ್ಯಾಣದ ಕಡೆ ಹೋಗಿ ಕಲ್ಲು ಒಡೆದರು. ತೊಗರಿ ಕೊಯ್ಲಿಗೆ ಆಳು ಸಾಲದೆ ಬಂದಾಗ, ಬಕ್ಕಪ್ಪನ ಆಳು ಮತ್ತೆ ಕೇರಿಗೆ ಬಂದು ಕರೆದು ಹೋದ. ಸತ್ತ ದನದ ಮಾತನ್ನು ಯಾರೂ ಎತ್ತಲಿಲ್ಲ. ಕ್ಷಮೆಯನ್ನೂ ಯಾರೂ ಕೇಳಲಿಲ್ಲ.

ಬಾಲವಾಡಿ ಆ ಮಳೆಗಾಲವೆಲ್ಲ ಅರ್ಧ ಖಾಲಿಯಾಗಿತ್ತು. ಮಕ್ಕಳು ಕಡಿಮೆಯಾದರೆ ಮುಚ್ಚಬೇಕಾಗುತ್ತದೆ ಎಂದು ಬ್ಲಾಕಿನಿಂದ ಬಂದವರು ಹೇಳಿ ಹೋದರು. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ಗಂಡಸರೆಲ್ಲ ಗುಡಿಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿರುವಾಗ, ಕಸ್ತೂರಿಬಾಯಿ ಮೀರಾಳ ಕೈ ಹಿಡಿದು ಅವರೆದುರಿಗೇ ನಡೆದು ಬಂದಳು. ಹೊಸ್ತಿಲ ಬಳಿ ಒಂದು ಕ್ಷಣ ನಿಂತಳು. ಆಮೇಲೆ ಒಳಗೆ ಬಂದು, ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ ಹೋದಳು. ಆ ವಾರ ಇನ್ನೂ ಕೆಲವು ಮಕ್ಕಳು ಬಂದರು. ಎಲ್ಲರೂ ಅಲ್ಲ.

ದ್ರೌಪತಿ ಅವರಿಗೆ ಎಣಿಕೆ ಕಲಿಸಿದಳು, ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡಿಸಿದಳು. ಪದ ಮಾತ್ರ ಹೇಳಿಕೊಡಲಿಲ್ಲ. ಮಕ್ಕಳು ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು. ಒಂದು ದಿನ ಅವರು ಬಿಡದೆ ಹಟ ಹಿಡಿದಾಗ, "ನನಗ ಬರವಲ್ದು. ಇವತ್ತು ನೀವೇ ಕಟ್ರಿ," ಎಂದುಬಿಟ್ಟಳು.

ಬಾಗಿಲ ಆಚೆ ಅಗಸರ ಮಾರುತಿಯ ಕತ್ತೆ ಬಟ್ಟೆಯ ಗಂಟು ಹೊತ್ತು ಹೋಗುತ್ತಿತ್ತು. ಮೀರಾ ಅದನ್ನೇ ನೋಡುತ್ತಾ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದಳು.

"ಮಾರುತಿ ಕತ್ತಿ, ಎಲ್ಲಿಗ್ಹೊಂಟಿ? ಅರಿವಿ ಹೊತ್ತು ಹಳ್ಳಕ್ಹೊಂಟಿ."

ಮಕ್ಕಳು ನಕ್ಕು ತಾವೂ ಹೇಳಿದರು. ದ್ರೌಪತಿ ಹೆದರಿ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಮಾರುತಿ ಬಾಗಿಲ ಮುಂದೆ ಬಂದು ನಿಂತಿದ್ದ. ತನ್ನ ಹೆಸರು, ತನ್ನ ಕತ್ತೆಯ ಮಾತು ಎರಡೂ ಅವನ ಕಿವಿಗೆ ಬಿದ್ದಿದ್ದವು. ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು. ದ್ರೌಪತಿ ಎದ್ದು ನಿಂತಳು.

ಮಾರುತಿ ತಲೆ ಕೆರೆದುಕೊಂಡ.

"ಹಳ್ಳಕ್ಕ ಅಲ್ಲವ್ವ," ಎಂದ ಮೀರಾಳಿಗೆ. "ಈಗ ಹಳ್ಳದಿಂದ ಮನಿಗೆ ಹೊಂಟದ. ಅಷ್ಟು ತಿದ್ದಿ ಹಾಡ್ರಿ," ಎಂದು ಕತ್ತೆಯ ಬೆನ್ನು ತಟ್ಟಿ ಮುಂದೆ ನಡೆದ.